ಎಲ್ಲದಕ್ಕೂ ‘ಹ್ಯಾಕ್’ ಅಂತ ಬರೆಯಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಸೈಬರ್ ಸೆಂಟರ್ ಇದೆ. ಮೊದಲು ಅದು ನಮ್ಮ ತಂದೆಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಜೂನಿಯರ್, ಸೀನಿಯರ್ ಪರೀಕ್ಷೆಗೆ ಹುಡುಗಿಯರು ಟಕಟಕ ಕುಟ್ಟುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್, ಒಂದು ಲ್ಯಾಮಿನೇಷನ್ ಮಿಷನ್ ಇವೆ. ಪಹಣಿ ತೆಗೆಯುವುದು, ಪರೀಕ್ಷೆಗೆ ಅರ್ಜಿ ಹಾಕುವುದು, ರೈಲು ಟಿಕೆಟ್ ಬುಕ್ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಿಮ್ಮ ಪತ್ರಿಕೆ ಓದುತ್ತೇನೆ. ನನ್ನ ನಂತರ ಗಿರಾಕಿಗಳು ಓದುತ್ತಾರೆ. ಹಾಗಾಗಿ ನೀವು ಬೆಳಿಗ್ಗೆ ಅಚ್ಚು ಹಾಕಿದ ಪದವನ್ನು ನಾನು ಮಧ್ಯಾಹ್ನ ಕೌಂಟರಿನ ಮುಂದೆ ನಿಂತವರ ಬಾಯಲ್ಲಿ ಕೇಳುತ್ತೇನೆ.

ಆ ಪದ ‘ಹ್ಯಾಕ್’.

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಎರಡು ಸುದ್ದಿ ಇದ್ದವು. ಒಬ್ಬರು ಫೋನಿನಲ್ಲಿ ಮಾತಾಡಿದವನಿಗೆ ಒಟಿಪಿ ಹೇಳಿ ದುಡ್ಡು ಕಳೆದುಕೊಂಡಿದ್ದರು. ನೀವು ‘ಖಾತೆ ಹ್ಯಾಕ್’ ಎಂದಿರಿ. ಇನ್ನೊಬ್ಬರ ಫೋಟೊ ಹಾಕಿಕೊಂಡು ಯಾರೋ ಹೊಸ ಫೇಸ್‌ಬುಕ್ ಖಾತೆ ತೆರೆದು ಸ್ನೇಹಿತರ ಹತ್ತಿರ ಸಾಲ ಕೇಳಿದ್ದರು. ಅದಕ್ಕೂ ‘ಹ್ಯಾಕ್’ ಎಂದಿರಿ. ಎರಡೂ ಹ್ಯಾಕ್ ಅಲ್ಲ. ಹ್ಯಾಕ್ ಅಂದರೆ ಬೀಗ ಮುರಿದು ಒಳಗೆ ನುಗ್ಗುವುದು. ಮೊದಲನೆಯವರು ಬೀಗದ ಕೈ ತಾವೇ ಕೊಟ್ಟರು. ಎರಡನೆಯವರ ಬೀಗವನ್ನು ಯಾರೂ ಮುಟ್ಟಿಯೇ ಇಲ್ಲ. ಅವರ ಹೆಸರಿನ ಬೋರ್ಡು ಬರೆಸಿ ಬೇರೆ ಬೀದಿಯಲ್ಲಿ ಅಂಗಡಿ ಇಟ್ಟರು, ಅಷ್ಟೇ.

ಇದೇನು ಮೇಷ್ಟರ ಥರ ಪದ ಹಿಡಿದು ಜಗ್ಗುತ್ತಾಳೆ ಅಂತ ಅನ್ನಿಸಬಹುದು. ನನಗೂ ಮೊದಲು ಹಾಗೇ ಇತ್ತು. ಗಿರಾಕಿಗಳು ‘ವೈರಸ್ ಬಂದಿದೆ’ ಅಂದರೆ ಸುಮ್ನೆ ಹೂಂ ಅನ್ನುತ್ತಿದ್ದೆ. ನಮ್ಮ ಬೀದಿಯ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದ ದಿನದಿಂದ ಹೂಂ ಅನ್ನುವುದನ್ನು ಬಿಟ್ಟಿದ್ದೇನೆ.

ಮಧ್ಯಾಹ್ನ ಮೂರು ಗಂಟೆಗೆ ಬಂದರು. ‘ಮೊಬೈಲ್ ಹ್ಯಾಕ್ ಆಗಿತ್ತಮ್ಮ, ಫಾರ್ಮ್ಯಾಟ್ ಮಾಡಿಸಿದ್ದೀನಿ, ವಾಟ್ಸ್‌ಆ್ಯಪ್ ಹಾಕ್ಕೊಡು’ ಎಂದರು. ದುಡ್ಡು ಹೋಯಿತಾ ಎಂದು ಕೇಳಿದೆ. ‘ಹೋಯ್ತು, 94 ಸಾವಿರ. ಹ್ಯಾಕ್ ಆದ್ಮೇಲೆ ಇನ್ನೇನು ಮಾಡೋಕಾಗುತ್ತೆ’ ಎಂದರು. ಗ್ರಹಣ ಹಿಡಿಯಿತು ಅನ್ನುವಷ್ಟು ಸಹಜವಾಗಿ ಹೇಳಿದರು. ಹ್ಯಾಕ್ ಅಂದರೆ ಅವರ ಮನಸ್ಸಿನಲ್ಲಿ ಮೇಲಿಂದ ಬೀಳುವ ಸಿಡಿಲು. ಸಿಡಿಲು ಬಡಿದರೆ ಯಾರ ಮೇಲೆ ದೂರು ಕೊಡುತ್ತೀರಿ?

ಕೂರಿಸಿ, ನೀರು ಕೊಟ್ಟು, ಒಂದೊಂದೇ ಕೇಳಿದೆ. ಬೆಳಿಗ್ಗೆ ಹತ್ತೂವರೆಗೆ ಭದ್ರಾವತಿಯ ನೆಂಟರ ನಂಬರಿನಿಂದ ವಾಟ್ಸ್‌ಆ್ಯಪ್‌ಗೆ ಒಂದು ಫೈಲು ಬಂದಿತ್ತು. ‘ಆರ್‌ಟಿಒ ಚಲನ್’ ಅಂತ ಹೆಸರು. ಹೆಸರಿನ ಕೊನೆಯಲ್ಲಿ ‘ಡಾಟ್ ಎಪಿಕೆ’, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು. ಇವರು ಮೊಪೆಡ್‌ನಲ್ಲಿ ಹೆಲ್ಮೆಟ್ ಇಲ್ಲದೆ ಓಡಾಡುವವರು. ದಂಡ ಬಿದ್ದಿರಬೇಕು ಅಂತ ತಕ್ಷಣ ನಂಬಿದರು. ಒತ್ತಿದರು. ಫೋನು ‘ಇದು ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪ್, ಹಾಕಲೇ’ ಎಂದು ಕೇಳಿದೆ. ಹೂಂ. ‘ನಿಮ್ಮ ಎಸ್‌ಎಂಎಸ್ ಓದಲೇ’ ಎಂದು ಕೇಳಿದೆ. ಹೂಂ. ದಂಡ ಕಟ್ಟಲು ಎಟಿಎಂ ಕಾರ್ಡಿನ ನಂಬರ್ ಕೇಳಿದೆ. ಹಾಕಿದ್ದಾರೆ. ಹನ್ನೊಂದು ಗಂಟೆಯೊಳಗೆ ಮೂರು ಸಲಕ್ಕೆ ದುಡ್ಡು ಹೋಗಿದೆ.

‘ನೀವು ಒಟಿಪಿ ಹೇಳಿದಿರಾ?’

‘ಯಾರಿಗೂ ಹೇಳಿಲ್ಲಮ್ಮ. ಒಟಿಪಿ ಹೇಳ್ಬೇಡಿ ಅಂತ ಪೇಪರಲ್ಲಿ ದಿನಾ ಬರುತ್ತಲ್ಲ. ಯಾರಿಗೂ ಹೇಳಿಲ್ಲ.’

ನಿಜ. ಅವರು ಹೇಳಬೇಕಾಗಿರಲಿಲ್ಲ. ಎಸ್‌ಎಂಎಸ್ ಓದಲು ಒಪ್ಪಿಗೆ ಪಡೆದ ಆ್ಯಪ್, ಬಂದ ಒಟಿಪಿಯನ್ನು ತಾನೇ ಓದಿ ಕಳ್ಳನಿಗೆ ಕಳಿಸಿದೆ. ‘ಒಟಿಪಿ ಹೇಳಬೇಡಿ’ ಅನ್ನುವ ಪಾಠವನ್ನು ನಮ್ಮ ಜನ ಚೆನ್ನಾಗಿಯೇ ಕಲಿತರು. ಅಷ್ಟರಲ್ಲಿ ಕಳ್ಳರು ಮುಂದಿನ ಪಾಠಕ್ಕೆ ಹೋಗಿದ್ದರು.

ದುಡ್ಡು ಹೋದದ್ದು ಗೊತ್ತಾದ ಮೇಲೆ ಅವರು ಮಾಡಿದ್ದು ಏನು? ಮೊಬೈಲ್ ರಿಪೇರಿ ಅಂಗಡಿಗೆ ಹೋದರು. ಅಲ್ಲಿ ಕಾದು, ಐನೂರು ರೂಪಾಯಿ ಕೊಟ್ಟು, ಫೋನ್ ಪೂರ್ತಿ ಅಳಿಸಿಸಿದರು. ಕಳ್ಳ ಆ್ಯಪ್ ಹೋಯಿತು. ಅದರ ಜೊತೆ ಅದು ಬಂದ ಮೆಸೇಜೂ ಹೋಯಿತು, ಸಾಕ್ಷಿಯೂ ಹೋಯಿತು. ನಾಲ್ಕು ಗಂಟೆ ಹೊತ್ತು ಕಳೆಯಿತು. ಆ ನಾಲ್ಕು ಗಂಟೆಯಲ್ಲಿ ಮಾಡಬೇಕಾಗಿದ್ದದ್ದು ಮೊದಲು ಫೋನಿನ ಇಂಟರ್‌ನೆಟ್ ಆಫ್ ಮಾಡುವುದು, ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡುವುದು, ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸುವುದು. 1930 ಅನ್ನುವುದು ಇಡೀ ದೇಶಕ್ಕೆ ಒಂದೇ ಇರುವ ಸೈಬರ್ ವಂಚನೆಯ ಸಹಾಯವಾಣಿ. ಕದ್ದ ದುಡ್ಡು ಒಂದೇ ಕಡೆ ಕೂರುವುದಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ದೂರು ಬೇಗ ಹೋದರೆ ನಡುವೆ ಎಲ್ಲಾದರೂ ಅದನ್ನು ಹಿಡಿದು ನಿಲ್ಲಿಸಬಹುದು. ಬ್ಯಾಂಕಿನವರು ಅದಕ್ಕೆ ‘ಲೀನ್ ಹಾಕಿದ್ದಾರೆ’ ಅನ್ನುತ್ತಾರೆ. ಈ ಪದವನ್ನೂ ನೀವು ಒಮ್ಮೆ ವಿವರಿಸಿ. ದುಡ್ಡು ಖಾತೆಯಲ್ಲೇ ಇರುತ್ತದೆ, ಆದರೆ ಯಾರೂ ತೆಗೆಯುವ ಹಾಗಿಲ್ಲ ಎಂದು ಅರ್ಥ.

ಇವರ 94 ಸಾವಿರದಲ್ಲಿ 22 ಸಾವಿರಕ್ಕೆ ಬೇರೆ ರಾಜ್ಯದ ಒಂದು ಖಾತೆಯಲ್ಲಿ ಲೀನ್ ಬಿದ್ದಿದೆ. ಇನ್ನೂ ಕೈಗೆ ಬಂದಿಲ್ಲ. ನಾಲ್ಕು ಗಂಟೆ ಮೊದಲೇ ಕರೆ ಮಾಡಿದ್ದರೆ ಎಷ್ಟು ಸಿಗುತ್ತಿತ್ತು ಎಂದು ಅವರು ನನ್ನನ್ನು ಮೂರು ಸಲ ಕೇಳಿದ್ದಾರೆ. ಏನು ಹೇಳಲಿ?

ಇಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಅವರ ಬ್ಯಾಂಕಿಗೆ ಹೋದೆವು. ಯಾವ ಬ್ಯಾಂಕು ಅನ್ನುವುದು ಬೇಡ. ‘ಹ್ಯಾಕ್ ಆಗಿದೆ ಅಂದ್ರೆ ನಾವೇನ್ ಮಾಡೋಕಾಗುತ್ತೆ, ಪೊಲೀಸ್ ಕಂಪ್ಲೇಂಟ್ ಕೊಡಿ’ ಎಂದು ಕೌಂಟರಿನವರು ಕೈ ತೊಳೆದುಕೊಂಡರು. ನೋಡಿ, ಅದೇ ಪದ ಇಲ್ಲಿ ಬ್ಯಾಂಕಿನವರಿಗೂ ಉಪಯೋಗಕ್ಕೆ ಬಂತು!

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿದೆ. ಗ್ರಾಹಕನಿಗೆ ಗೊತ್ತಿಲ್ಲದೆ ಖಾತೆಯಿಂದ ದುಡ್ಡು ಹೋದರೆ ನಷ್ಟ ಯಾರದು ಎಂದು ಅದು ಹೇಳುತ್ತದೆ. ತಪ್ಪು ಬ್ಯಾಂಕಿನದಾದರೆ ಗ್ರಾಹಕ ಒಂದು ಪೈಸೆಯನ್ನೂ ಹೊರಬೇಕಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಬೇರೆಲ್ಲೋ ತೂತು ಬಿದ್ದಿದೆ ಅಂದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳಲ್ಲಿ ತಿಳಿಸಿದವನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ಒಂದು ಮಿತಿಯವರೆಗೆ ಮಾತ್ರ ನಷ್ಟ. ಗ್ರಾಹಕನೇ ಅಜಾಗರೂಕತೆಯಿಂದ ಗುಟ್ಟಿನ ವಿವರ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವನದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ತಪ್ಪು ಗ್ರಾಹಕನದು ಎಂದು ರುಜುವಾತು ಮಾಡುವ ಹೊಣೆಯೂ ಬ್ಯಾಂಕಿನದೇ.

ಅಂದರೆ ಏನಾಯಿತು ಅನ್ನುವುದಕ್ಕೆ ಸರಿಯಾದ ಪದ ಸಿಕ್ಕರೆ ಮಾತ್ರ ಯಾರು ಹೊಣೆ ಅನ್ನುವ ಮಾತು ಶುರುವಾಗುತ್ತದೆ. ‘ಹ್ಯಾಕ್’ ಅಂದುಬಿಟ್ಟರೆ ಅಲ್ಲೇ ಮುಗಿಯಿತು. ನಾನು ವಾಪಸ್ ಬಂದು ದೂರನ್ನು ಟೈಪ್ ಮಾಡಿದೆ. ಹ್ಯಾಕ್ ಅನ್ನುವ ಪದವನ್ನು ಎಲ್ಲೂ ಬಳಸಲಿಲ್ಲ. ಎಷ್ಟು ಗಂಟೆಗೆ ಯಾವ ಫೈಲು ಬಂತು, ಆ್ಯಪ್ ಯಾವ ಒಪ್ಪಿಗೆ ಕೇಳಿತು, ಯಾವ ಯಾವ ವ್ಯವಹಾರ ತಾನು ಮಾಡಿದ್ದಲ್ಲ, ಎಲ್ಲ ಬರೆದೆ. ಎರಡು ಪ್ರತಿ ತೆಗೆದು ಒಂದಕ್ಕೆ ಬ್ಯಾಂಕಿನ ಸೀಲು ಹಾಕಿಸಿಕೊಂಡು ಬನ್ನಿ ಎಂದು ಕಳಿಸಿದೆ. ಈ ಸಲ ಸೀಲು ಬಿತ್ತು. ಅಳಿಸಿಹೋಗಿದ್ದ ಮೆಸೇಜಿನ ಸ್ಕ್ರೀನ್‌ಶಾಟನ್ನು ಭದ್ರಾವತಿಯ ನೆಂಟರಿಂದಲೇ ತರಿಸಿದೆವು. ಅವರ ಫೋನೂ ಹಿಂದಿನ ದಿನ ಹೀಗೆಯೇ ಸಿಕ್ಕಿಬಿದ್ದು, ಅವರಿಗೆ ಗೊತ್ತಿಲ್ಲದೆ ಎಲ್ಲರಿಗೂ ಅದೇ ಫೈಲು ಕಳಿಸಿತ್ತು.

ಇದು ಹೊಸ ವಿದ್ಯೆಯೇನೂ ಅಲ್ಲ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಅನ್ನುವ ಇಮೇಲ್ ಜಗತ್ತನ್ನೆಲ್ಲ ಸುತ್ತಿತು. ಫಿಲಿಪ್ಪೀನ್ಸ್‌ನಿಂದ ಹೊರಟದ್ದು. ಜೊತೆಗೆ ಒಂದು ಪ್ರೇಮಪತ್ರದ ಫೈಲು. ಹೆಸರು ನೋಡಿದರೆ ಬರೀ ಓದುವ ಫೈಲಿನ ಥರ ‘ಟಿಎಕ್ಸ್‌ಟಿ’ ಅಂತ ಕಾಣುತ್ತಿತ್ತು. ಅದರ ಮುಂದೆ ಇನ್ನೊಂದು ಬಾಲ ಇತ್ತು, ‘ವಿಬಿಎಸ್’. ಅಂದರೆ ಅದು ಓದುವ ಕಾಗದವಲ್ಲ, ಕೆಲಸ ಮಾಡುವ ಪ್ರೋಗ್ರಾಂ. ವಿಂಡೋಸ್ ಆ ಕೊನೆಯ ಬಾಲವನ್ನು ಮುಚ್ಚಿಡುತ್ತಿತ್ತು. ತೆರೆದವರ ಕಂಪ್ಯೂಟರಿನಲ್ಲಿ ಫೈಲುಗಳು ಹಾಳಾದವು. ಅವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅವರ ಹೆಸರಿನಲ್ಲೇ ಪ್ರೇಮಪತ್ರ ಹೋಯಿತು. ಆಗ ಪ್ರೇಮ, ಈಗ ದಂಡ. ಬಾಲ ನೋಡದೆ ಒತ್ತುವುದು ಮಾತ್ರ ಹಾಗೇ ಇದೆ. ನನ್ನ ಗಿರಾಕಿಗಳಿಗೆ ನಾನು ಹೇಳುವುದು ಇಷ್ಟೇ: ಹೆಸರಿನ ಬಾಲ ನೋಡಿ. ಜೆಪೆಗ್ ಅಂದರೆ ಫೋಟೊ, ಪಿಡಿಎಫ್ ಅಂದರೆ ಕಾಗದ. ಎಪಿಕೆ ಅಂದರೆ ಆಳು. ಅವನನ್ನು ಮನೆಯೊಳಗೆ ಬಿಟ್ಟರೆ ಅವನು ಕೆಲಸ ಮಾಡುತ್ತಾನೆ, ಯಾರ ಕೆಲಸ ಅನ್ನುವುದು ಬೇರೆ ಮಾತು.

ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ‘ಟ್ರೋಜನ್’ ಎನ್ನುತ್ತಾರೆ. ಗ್ರೀಕರ ಮರದ ಕುದುರೆಯ ಕಥೆಯಿಂದ ಬಂದ ಹೆಸರು. ನಿಮ್ಮ ವರದಿಗಾರರು ‘ಟ್ರೋಜನ್ ಮಾಲ್‌ವೇರ್’ ಎಂದು ಬರೆದರೆ ಕೊಬ್ಬರಿ ವ್ಯಾಪಾರಿಗೆ ಏನು ತಿಳಿಯಬೇಕು? ಗ್ರೀಸಿಗೆ ಯಾಕೆ ಹೋಗಬೇಕು, ನಮ್ಮಲ್ಲಿ ಅರಗಿನ ಮನೆ ಇಲ್ವಾ? ವಾರಣಾವತದಲ್ಲಿ ಪುರೋಚನ ಕಟ್ಟಿಸಿದ ಅರಮನೆ. ಹೊರಗೆ ನೋಡಲು ಚೆಂದ, ಗೋಡೆ ತುಂಬ ಅರಗು. ಪಾಂಡವರನ್ನು ಯಾರೂ ಎಳೆದುಕೊಂಡು ಹೋಗಿ ಒಳಗೆ ಹಾಕಲಿಲ್ಲ, ಅವರೇ ಹೋದರು. ಅರಗಿನ ಮನೆ ಅಂದ ಕೂಡಲೇ ನಮ್ಮ ವ್ಯಾಪಾರಿ ‘ಓ’ ಎಂದರು. ಅವರ ಮುಖದಲ್ಲಿ ಆ ದಿನ ಮೊದಲ ಸಲ ಏನೋ ಅರ್ಥವಾದ ಹಾಗೆ ಕಂಡಿತು.

ವೈರಸ್ ಬೇರೆ, ವರ್ಮ್ ಬೇರೆ. ನಮ್ಮ ಕಡೆ ತೆಂಗಿನ ತೋಟ, ಮಾವಿನ ಮರ ಇರುವವರಿಗೆ ಇದನ್ನು ಹೇಳುವುದು ಸುಲಭ. ವೈರಸ್ ಅಂದರೆ ಬಂದಳಿಕೆ. ಅದಕ್ಕೆ ಇನ್ನೊಂದು ಮರ ಬೇಕು, ಅದರ ಕೊಂಬೆಗೆ ಅಂಟಿಕೊಂಡೇ ಬದುಕಬೇಕು. ಕಂಪ್ಯೂಟರ್ ವೈರಸ್ಸೂ ಯಾವುದಾದರೂ ಫೈಲಿಗೋ ಡಿಸ್ಕಿಗೋ ಅಂಟಿಕೊಂಡು ಹೋಗುತ್ತದೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ಹೀಗೆ ಹೋಯಿತು. ಅದರೊಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲ ಬರೆದಿದ್ದರಂತೆ, ಎಂಥ ಕಾಲ! ವರ್ಮ್ ಅಂದರೆ ಹುಳ. ತೆಂಗಿಗೆ ಬರುವ ಕಪ್ಪು ತಲೆ ಹುಳದ ಹಾಗೆ, ಯಾರ ಸಹಾಯವೂ ಬೇಡ, ಮರದಿಂದ ಮರಕ್ಕೆ, ತೋಟದಿಂದ ತೋಟಕ್ಕೆ ತಾನೇ ಹಬ್ಬುತ್ತದೆ. ನೀವು ಏನನ್ನೂ ಒತ್ತಬೇಕಿಲ್ಲ. ಪಕ್ಕದ ತೋಟದವನು ಔಷಧಿ ಹಾಕದಿದ್ದರೆ ನಿಮ್ಮ ಮರಕ್ಕೂ ಬರುತ್ತದೆ. ಈ ಮೂರಕ್ಕೂ ಸೇರಿ ಕನ್ನಡದಲ್ಲಿ ಯಾರೋ ‘ಕುತಂತ್ರಾಂಶ’ ಅನ್ನುವ ಪದ ಮಾಡಿದ್ದಾರೆ. ತಂತ್ರಾಂಶ ಅಂದರೆ ಸಾಫ್ಟ್‌ವೇರ್, ಅದಕ್ಕೊಂದು ‘ಕು’ ಸೇರಿಸಿದರೆ ಕುತಂತ್ರವೂ ಬಂತು. ಬಹಳ ಒಳ್ಳೆಯ ಪದ. ಯಾಕೆ ನೀವು ಬಳಸುವುದಿಲ್ಲ?

ಹುಳಕ್ಕೆ ಔಷಧಿ ಅಂದರೆ ಅಪ್‌ಡೇಟ್. ನನ್ನ ಅಂಗಡಿಗೆ ಬರುವವರಿಗೆ ಅತಿ ಬೇಡವಾದ ಪದ ಇದು. ‘ಅಪ್‌ಡೇಟ್ ಕೇಳ್ತಾ ಇದೆ, ನಾಳೆ ಅಂತ ಒತ್ತಿದ್ದೀನಿ’ ಅನ್ನುತ್ತಾರೆ. 2017ರ ಮೇ 12ರಂದು ‘ವಾನಾಕ್ರೈ’ ಅನ್ನುವ ಹುಳ ಬಂದು ಕಂಪ್ಯೂಟರುಗಳ ಫೈಲುಗಳಿಗೆಲ್ಲ ಬೀಗ ಹಾಕಿ, ಬಿಡಿಸಲು 300 ಡಾಲರ್ ಬಿಟ್‌ಕಾಯಿನ್‌ನಲ್ಲಿ ಕೊಡಿ ಎಂದಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಆ ಹುಳ ನುಗ್ಗಿದ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ಕ್ಕೇ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಮೊದಲು! ‘ನಾಳೆ’ ಅಂತ ಒತ್ತಿದವರು ಸಿಕ್ಕಿಬಿದ್ದರು. ಹೀಗೆ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೂ ಹೀಗೆ ಬೀಗ ಬಿದ್ದು, ಚೀಟಿ ಬರೆಯುವುದರಿಂದ ಹಿಡಿದು ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲೇ ಮಾಡಬೇಕಾಯಿತು. ಈ ಪದಕ್ಕೆ ನನ್ನ ಹತ್ತಿರ ಕನ್ನಡ ಇಲ್ಲ. ‘ಒತ್ತೆ ತಂತ್ರಾಂಶ’ ಎನ್ನಬಹುದೇನೋ. ನಿಮ್ಮಲ್ಲಿ ತಿಳಿದವರು ಇದ್ದಾರಲ್ಲ, ನೋಡಿ.

ಅಪ್‌ಡೇಟೇ ಮನೆ ಮುರಿದದ್ದೂ ಇದೆ, ಸುಳ್ಳು ಯಾಕೆ ಹೇಳಲಿ. 2024ರ ಜುಲೈ 19, ಶುಕ್ರವಾರ. ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತುಬಿಟ್ಟವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ಸಂಜೆ ನನ್ನ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ‘ಮೈಕ್ರೋಸಾಫ್ಟ್ ಹ್ಯಾಕ್ ಆಯ್ತಂತೆ’. ಹ್ಯಾಕೂ ಇಲ್ಲ, ವೈರಸ್ಸೂ ಇಲ್ಲ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಅಪ್‌ಡೇಟಿನಲ್ಲಿ ಒಂದು ತಪ್ಪಿತ್ತು. ಅಂಥ ತಪ್ಪಿನ ಹೆಸರು ‘ಬಗ್’. ಬಗ್ ಅಂದರೆ ಬರೆದವನ ಕೈತಪ್ಪು, ವೈರಸ್ ಅಂದರೆ ಬರೆದವನ ದುರುದ್ದೇಶ. ಅಡುಗೆಗೆ ಉಪ್ಪು ಜಾಸ್ತಿ ಆಗುವುದಕ್ಕೂ ವಿಷ ಹಾಕುವುದಕ್ಕೂ ಇರುವಷ್ಟು ವ್ಯತ್ಯಾಸ. 1947ರಲ್ಲಿ ಅಮೆರಿಕದ ಒಂದು ಕಂಪ್ಯೂಟರಿನ ಒಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟಿದ್ದಾರೆ. ಬಗ್ ಅನ್ನುವ ಪದ ಮಾತ್ರ ಅದಕ್ಕಿಂತ ಹಳೆಯದು.

ನನ್ನ ಅಂಗಡಿಯದೇ ಒಂದು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ನನ್ನ ನಾಲ್ಕರಲ್ಲಿ ಎರಡು ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ 11 ಹಾಕಲು ಆಗುವುದಿಲ್ಲ. ಹೊಸದು ತರಲು ದುಡ್ಡಿಲ್ಲ. ಇಂಜಿನಿಯರಿಂಗ್ ಓದುವ ಅಕ್ಕನ ಮಗ ಬಂದು ಅವಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟ. ‘ಫ್ರೀ ಸಾಫ್ಟ್‌ವೇರ್ ಚಿಕ್ಕಮ್ಮ’ ಎಂದ. ಫ್ರೀ ಅಂದರೆ ದುಡ್ಡಿಲ್ಲ ಅಂತ ನಾನು ತಿಳಿದೆ. ಅಲ್ಲವಂತೆ. ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಆ ಸ್ವಾತಂತ್ರ್ಯಕ್ಕೆ ಫ್ರೀ ಎನ್ನುತ್ತಾರಂತೆ. ಇಂಗ್ಲಿಷಿನವರು ಈ ಒಂದು ಪದದ ಎರಡು ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಸುಸ್ತಾಗುತ್ತಾರೆ. ನಮಗೆ ಆ ಕಷ್ಟವೇ ಇಲ್ಲ! ‘ಉಚಿತ’ ಬೇರೆ, ‘ಮುಕ್ತ’ ಬೇರೆ. ಮೊಬೈಲಿನ ಎಷ್ಟೋ ಆಟಗಳು ಉಚಿತ, ಆದರೆ ಮುಕ್ತ ಅಲ್ಲ. ಲಿನಕ್ಸ್ ಮುಕ್ತ. ಗೆಳೆಯ ಪೆನ್‌ಡ್ರೈವಿನಲ್ಲಿ ತಂದುಕೊಡುವ ‘ಕ್ರ್ಯಾಕ್’ ಮಾಡಿದ ಫೋಟೊಶಾಪ್ ಉಚಿತವೂ ಅಲ್ಲ, ಮುಕ್ತವೂ ಅಲ್ಲ. ಕದ್ದ ಮಾಲು. ಅದರ ಜೊತೆ ಬೇರೆ ಏನೇನು ಬರುತ್ತದೆ ಅನ್ನುವುದು ತಂದವನಿಗೂ ಗೊತ್ತಿರುವುದಿಲ್ಲ. ಆದರೆ ನಿಮ್ಮ ಪತ್ರಿಕೆಯಲ್ಲಿ ಎಲ್ಲಕ್ಕೂ ‘ಉಚಿತ ಸಾಫ್ಟ್‌ವೇರ್’. ಕೈಯಲ್ಲಿರುವ ಎರಡು ಒಳ್ಳೆಯ ಪದಗಳಲ್ಲಿ ಒಂದನ್ನು ಬಿಸಾಡಿದ ಹಾಗೆ, ಅಲ್ವಾ?

ಎಲ್ಲವನ್ನೂ ಕನ್ನಡ ಮಾಡಿ ಎನ್ನುವವಳಲ್ಲ ನಾನು. ಹೊರಗಿನಿಂದ ಬೇಡದ್ದು ಕಂಪ್ಯೂಟರಿಗೆ ನುಗ್ಗದಂತೆ ತಡೆಯುವ ಫೈರ್‌ವಾಲ್‌ಗೆ ಒಮ್ಮೆ ನೀವು ‘ಅಗ್ನಿ ಗೋಡೆ’ ಎಂದು ಬರೆದಿರಿ. ಅದನ್ನು ಓದಿ ನಮ್ಮ ಲ್ಯಾಮಿನೇಷನ್ ಹುಡುಗ ‘ಗೋಡೆಗೆ ಬೆಂಕಿ ಹಚ್ತಾರಾ ಅಕ್ಕಾ’ ಎಂದು ಕೇಳಿದ. ಬೆಂಕಿ ಹಚ್ಚುವ ಗೋಡೆ ಅಲ್ಲ, ಬೆಂಕಿ ದಾಟದಂತೆ ತಡೆಯುವ ಗೋಡೆ. ಬೇಸಿಗೆಗೆ ಮುಂಚೆ ಕಾಡಿನಲ್ಲಿ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುತ್ತಾರಲ್ಲ, ಅದರ ಉದ್ದೇಶವೂ ಅದೇ. ಅದು ಹೊಳೆಯದಿದ್ದರೆ ಫೈರ್‌ವಾಲ್ ಅಂತಲೇ ಬರೆಯಿರಿ, ಪರವಾಗಿಲ್ಲ. ಪಾಸ್‌ವರ್ಡ್, ಒಟಿಪಿ, ಲಿಂಕ್ ಎಲ್ಲ ಕನ್ನಡವೇ ಆಗಿಹೋಗಿವೆ.

ಇನ್ನು ನಿಮ್ಮ ‘ಎಚ್ಚರಿಕೆ’ ಚೌಕದಲ್ಲಿ ಬಂದ ಒಂದು ಸಾಲು: ‘ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಆ ವೆಬ್‌ಸೈಟ್ ಸುರಕ್ಷಿತ.’ ಇದು ತಪ್ಪು. ಬೀಗ ಹೇಳುವುದು ಇಷ್ಟೇ: ನೀವು ಕಳಿಸುವುದು ಪೋಸ್ಟ್ ಕಾರ್ಡಿನಲ್ಲಿ ಹೋಗುವುದಿಲ್ಲ, ಅಂಟಿಸಿದ ಲಕೋಟೆಯಲ್ಲಿ ಹೋಗುತ್ತದೆ. ದಾರಿಯಲ್ಲಿ ಯಾರೂ ಓದುವುದಿಲ್ಲ. ಇದೇ ಎನ್‌ಕ್ರಿಪ್ಶನ್. ಆದರೆ ಲಕೋಟೆ ತೆರೆಯುವವನು ಕಳ್ಳನೋ ಸಾಹುಕಾರನೋ ಅಂತ ಬೀಗ ಹೇಳುವುದಿಲ್ಲ. ಕಳ್ಳನ ವೆಬ್‌ಸೈಟಿಗೂ ಬೀಗ ಸಿಗುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಾರೆ ಅಂತಲೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಬೀಗದ ಚಿತ್ರವನ್ನು ತೆಗೆದುಹಾಕಿತು. ಗೂಗಲ್ ಬಿಟ್ಟರೂ ನಿಮ್ಮ ಚೌಕ ಬಿಟ್ಟಿಲ್ಲ. ನೋಡಬೇಕಾದ್ದು ವಿಳಾಸದ ಅಕ್ಷರಗಳನ್ನು. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ ಹಾಕುವ ಗಾಳಕ್ಕೇ ಫಿಶಿಂಗ್ ಎನ್ನುವುದು.

ಪಿನ್ ವಿಷಯ ಚಿಕ್ಕದು. ಯುಪಿಐ ಪಿನ್ ಹಾಕುವುದು ದುಡ್ಡು ಕೊಡುವುದಕ್ಕೆ, ಇಲ್ಲವೇ ಬ್ಯಾಲೆನ್ಸ್ ನೋಡುವುದಕ್ಕೆ. ದುಡ್ಡು ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನೂ ಬೇಡ. ಹಳೆಯ ಸೋಫಾ ಮಾರಲು ಹೊರಟ ನಮ್ಮ ಹಿಂದಿನ ಬೀದಿಯ ನಿವೃತ್ತ ಟೀಚರಿಗೆ ‘ದುಡ್ಡು ಕಳಿಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದವನು ಏಳು ಸಾವಿರ ತೆಗೆದುಕೊಂಡ. ಸೋಫಾ ಇನ್ನೂ ಅವರ ಪಡಸಾಲೆಯಲ್ಲೇ ಇದೆ.

‘ಮ್ಯೂಲ್ ಖಾತೆ’ ಅನ್ನುವ ಪದವನ್ನು ಈಚೆಗೆ ವಿವರಣೆ ಇಲ್ಲದೆ ಅಚ್ಚು ಹಾಕುತ್ತಿದ್ದೀರಿ. ಇದನ್ನು ದಯವಿಟ್ಟು ವಿವರಿಸಿ, ಯಾಕೆಂದರೆ ಇದರಲ್ಲಿ ಸಿಕ್ಕಿಬೀಳುವವರು ನಮ್ಮ ಊರಿನ ಹುಡುಗರು. ಮ್ಯೂಲ್ ಅಂದರೆ ಹೇಸರಗತ್ತೆ. ಬೇರೆಯವರ ಹೊರೆ ಹೊರುವ ಪ್ರಾಣಿ. ಕದ್ದ ದುಡ್ಡು ಹೊರಲು ಬಾಡಿಗೆಗೆ ಕೊಟ್ಟ ಖಾತೆಯೇ ಮ್ಯೂಲ್ ಖಾತೆ. ಹೋದ ತಿಂಗಳು ಡಿಗ್ರಿ ಓದುವ ಹುಡುಗನೊಬ್ಬ ಪಾಸ್‌ಬುಕ್ ಜೆರಾಕ್ಸ್ ಮಾಡಿಸಲು ಬಂದ. ಎಟಿಎಂ ಕಾರ್ಡು, ಹೊಸ ಸಿಮ್ಮು ಎಲ್ಲ ಒಂದು ಕವರಿನಲ್ಲಿತ್ತು. ಯಾಕಪ್ಪ ಎಂದೆ. ಯಾರೋ ಒಬ್ಬರು ಖಾತೆ ಬಳಸಿಕೊಳ್ಳಲು ತಿಂಗಳಿಗೆ ಐದು ಸಾವಿರ ಕೊಡುತ್ತಾರಂತೆ, ‘ಗೇಮಿಂಗ್ ಕಂಪನಿ’ಯಂತೆ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆಯ ಹೆಸರಿನವನನ್ನು, ಆ ಯಾರೋ ಒಬ್ಬರನ್ನಲ್ಲ ಎಂದು ಬೈದೆ. ಜೆರಾಕ್ಸ್ ಮಾಡಿಕೊಡಲಿಲ್ಲ. ಬೇರೆ ಅಂಗಡಿಯಲ್ಲಿ ಮಾಡಿಸಿರಬಹುದು. ಅವನು ನಿಮ್ಮ ಪತ್ರಿಕೆಯ ಕ್ರೀಡಾ ಪುಟ ಮಾತ್ರ ಓದುತ್ತಾನೆ, ಅಲ್ಲೇ ಎಲ್ಲಾದರೂ ಒಂದು ಸಾಲು ಹಾಕಿದರೆ ಒಳ್ಳೆಯದು.

ಕೊನೆಗೆ, ನನಗೆ ಬಹಳ ಸಿಟ್ಟು ತರಿಸುವ ಪದ: ‘ಡಿಜಿಟಲ್ ಅರೆಸ್ಟ್’. ‘ಡಿಜಿಟಲ್ ಅರೆಸ್ಟ್‌ಗೆ ಒಳಗಾದ ವೃದ್ಧೆ’ ಎಂದು ಉದ್ಧರಣ ಚಿಹ್ನೆಯೂ ಇಲ್ಲದೆ ಬರೆಯುತ್ತೀರಿ. ಈ ಪದ ಮಾಡಿದವರು ಯಾರು? ಪೊಲೀಸರ ವೇಷದಲ್ಲಿ ವಿಡಿಯೊ ಕಾಲ್ ಮಾಡಿ, ಬಂಧಿಸಿದ್ದೇವೆ, ಫೋನ್ ಇಡಬೇಡಿ ಎಂದು ಹೆದರಿಸಿ ದುಡ್ಡು ಕೀಳುವ ಕಳ್ಳರು. ನಮ್ಮ ಕಾನೂನಿನಲ್ಲಿ ಇಂಥದ್ದೊಂದು ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೂ ಇದನ್ನೇ ಹೇಳಿದರು. ಕಳ್ಳ ಇಟ್ಟ ಹೆಸರನ್ನು ನೀವು ದಿನಾ ಅಚ್ಚು ಹಾಕಿದರೆ, ನಾಳೆ ಅದೇ ಕಳ್ಳ ಫೋನ್ ಮಾಡಿ ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎಂದಾಗ ಆ ಅಜ್ಜಿಗೆ ಏನನ್ನಿಸುತ್ತದೆ? ‘ಹೌದು, ಪೇಪರಲ್ಲಿ ಓದಿದ್ದೆ, ಹೀಗೊಂದು ಇದೆ’ ಅನ್ನಿಸುತ್ತದೆ. ನಮ್ಮ ಅತ್ತೆಗೆ ಹಾಗೇ ಅನ್ನಿಸಿತ್ತು. ಫೋನಿನ ಚಾರ್ಜ್ ಮುಗಿದದ್ದರಿಂದ ಉಳಿದರು. ಬೆದರಿಸಿ ದುಡ್ಡು ಕಿತ್ತುಕೊಂಡರು ಎಂದು ಬರೆಯಿರಿ. ಸುಲಿಗೆ ಅನ್ನುವ ಪದ ಇದೆಯಲ್ಲ.

ಪತ್ರ ಉದ್ದವಾಯಿತು. ಪತಂಗ, ಲಾಹೋರಿನ ಅಣ್ಣತಮ್ಮಂದಿರು, ನಮ್ಮ ಅತ್ತೆ, ಯಾರನ್ನು ಬೇಕಾದರೂ ಕತ್ತರಿಸಿ. 1930 ಮಾತ್ರ ಬಿಡಬೇಡಿ.

ಇನ್ನೊಂದು. ಕಳೆದ ವಾರದ ಆ ‘ಖಾತೆ ಹ್ಯಾಕ್’ ಸುದ್ದಿಯನ್ನು ಗಿರಾಕಿಯೊಬ್ಬರಿಗೆ ತೋರಿಸಲು ನಿಮ್ಮ ವೆಬ್‌ಸೈಟಿನಲ್ಲೇ ತೆರೆದೆ. ಸುದ್ದಿಯ ಕೆಳಗೆ ಕೆಂಪು ಬಣ್ಣದ ಜಾಹೀರಾತು ಮಿನುಗುತ್ತಿತ್ತು: ‘ನಿಮ್ಮ ಫೋನಿನಲ್ಲಿ 13 ವೈರಸ್ ಇವೆ, ಈಗಲೇ ಇಲ್ಲಿ ಒತ್ತಿ ಸ್ವಚ್ಛ ಮಾಡಿ.’ ನಾನು ತೆರೆದದ್ದು ಫೋನಿನಲ್ಲಿ ಅಲ್ಲ, ಲಿನಕ್ಸ್ ಹಾಕಿದ ಆ ಹಳೆಯ ಕಂಪ್ಯೂಟರಿನಲ್ಲಿ. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಯಾವ ವಿಳಾಸಕ್ಕೆ ಕಳಿಸಬೇಕು ತಿಳಿಸಿ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಸೈಬರ್ ಸೆಂಟರಿನವಳು
ಅರಸೀಕೆರೆ